ನನ್ನ ಎಡಗೈ ಯಾರ ಬದಿಯದು

ಹೋದ ವಾರ ಪಕ್ಕದ ಮನೆಗೆ ಹನ್ನೊಂದು ದಿನದ ಕೂಸನ್ನು ನೋಡಲು ಹೋಗಿದ್ದೆ. ಕೂಸನ್ನು ನೋಡಿದೆ ಎನ್ನುವುದಕ್ಕಿಂತ ಕೂಸಿನ ಪಾಲುಪಟ್ಟಿ ಆಗುವುದನ್ನು ನೋಡಿದೆ ಎಂದರೆ ಸರಿಯಾದೀತು. ನಾನು ಹೋಗುವಷ್ಟರಲ್ಲಿ ಮೂಗು ತಂದೆಯ ಕಡೆಗೆ ಬರೆದಾಗಿತ್ತು. ಹಣೆ, ಗಲ್ಲ ಎರಡೂ ತಾಯಿಯ ಕಡೆಗೆ. ಕಿವಿಗಳು ಮಾತ್ರ ಇನ್ನೂ ತಕರಾರಿನಲ್ಲಿದ್ದವು. ಇಬ್ಬರು ಅಜ್ಜಿಯರು ಎರಡು ಬದಿಯಲ್ಲಿ ಕೂತು ಒಂದೊಂದು ಕಿವಿಯನ್ನು ಪರೀಕ್ಷಿಸುತ್ತಿದ್ದರು. ಆಗ ಆ ಕೂಸು ಮನೆಯ ಹೆಂಚು ಹಾರುವ ಹಾಗೆ ಕಿರುಚಿತು. "ಈ ಗಂಟಲು ಮಾತ್ರ ನಮ್ಮ ಕಡೆಯದ್ದಲ್ಲ" ಎಂದು ಎರಡೂ ಕಡೆಯವರು ಒಟ್ಟಿಗೇ ಹೇಳಿದರು. ಅವರು ಒಮ್ಮತಕ್ಕೆ ಬಂದದ್ದು ಆ ಒಂದು ವಿಷಯದಲ್ಲಿ ಮಾತ್ರ.

ಕೂಸಿನ ಚಿಕ್ಕಮ್ಮ ಕಾಲೇಜಿನಲ್ಲಿ ಜೀವಶಾಸ್ತ್ರ ಓದುವವಳು. ಅವಳು ಕನ್ನಡಕ ಸರಿಪಡಿಸಿಕೊಂಡು, "ಅರ್ಧ ಅಪ್ಪನಿಂದ ಬರ್ತದೆ, ಅರ್ಧ ಅಮ್ಮನಿಂದ ಬರ್ತದೆ, ಉಳಿದದ್ದು ಬೆಳೆಸುವುದರಲ್ಲಿ ಇರ್ತದೆ" ಎಂದು ತೀರ್ಪು ಕೊಟ್ಟಳು. ಅರ್ಧಕ್ಕೆ ಅರ್ಧ ಸೇರಿ ಪೂರ್ತಿಯಾದ ಮೇಲೆ ಉಳಿಯುವುದು ಏನು ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಕಾಫಿ ಬಂತು, ಸುಮ್ಮನಾದೆ.

ನೀವು ನಂಬುವುದಾದರೆ ಹೇಳುತ್ತೇನೆ, ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಈ ಲೆಕ್ಕ ಇಷ್ಟು ಗೋಜಲಿನದ್ದಾಗಿರಲಿಲ್ಲ. ಮಗುವಿನಲ್ಲಿ ಒಳ್ಳೆಯದೇನಿದ್ದರೂ ಅದು ತಾಯಿಯ ಮನೆಯದು. ಕೆಟ್ಟದ್ದೇನಿದ್ದರೂ ಅದು ತಂದೆಯ ಬದಿಯದು. ಇದಕ್ಕೆ ಕಾಲೇಜೂ ಬೇಡ, ಕನ್ನಡಕವೂ ಬೇಡ.

ನಮ್ಮದು ಹಾಲಾಡಿಯ ಹತ್ತಿರದ ಒಂದು ಅಳಿಯಸಂತಾನದ ಮನೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಅಂಥ ಮನೆಗಳಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಬಳಿ, ಅಂದರೆ ಕುಲ, ತಾಯಿಯದು, ಮನೆಯ ಹೆಸರು ತಾಯಿಯದು, ಗದ್ದೆ ತೋಟವೂ ತಾಯಿಯ ಕಡೆಯದೇ. ಮಕ್ಕಳನ್ನು ತಿದ್ದಿ ತೀಡುವ ಅಧಿಕಾರ ತಾಯಿಯ ಅಣ್ಣನದು, ಅಂದರೆ ಸೋದರಮಾವನದು. ನನ್ನ ಅಮ್ಮ ತವರಿನಲ್ಲೇ ಇದ್ದಳು. ಅಪ್ಪಯ್ಯ ಮರವಂತೆಯ ತಮ್ಮ ತಾಯಿಯ ಮನೆಯಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದು, ಹದಿನೈದು ದಿನಕ್ಕೊಮ್ಮೆ ಶನಿವಾರ ನಮ್ಮಲ್ಲಿಗೆ ಬಂದು ಸೋಮವಾರ ಹೋಗುತ್ತಿದ್ದರು. ಅದು ಯುದ್ಧದ ಕಾಲ. ಗಂಗೊಳ್ಳಿಯಲ್ಲಿ ದೋಣಿ ದಾಟಿ ಕುಂದಾಪುರಕ್ಕೆ ಬಂದರೆ ಅಲ್ಲಿಂದ ಪೆಟ್ರೋಲಿಲ್ಲದೆ ಇದ್ದಲಿನ ಹೊಗೆಯಲ್ಲಿ ಓಡುವ ಬಸ್ಸು. ಏರು ಬಂದಲ್ಲೆಲ್ಲ ಪ್ರಯಾಣಿಕರು ಇಳಿದು ಅದನ್ನು ದೂಡಬೇಕು. ಅಪ್ಪಯ್ಯ ಅಷ್ಟು ದೂಡಿಕೊಂಡು, ಒಂದು ಚೀಲದಲ್ಲಿ ಒಣಮೀನು, ಇನ್ನೊಂದರಲ್ಲಿ ನನಗಾಗಿ ಹೆಕ್ಕಿದ ಕಡಲ ಚಿಪ್ಪು ಹಿಡಿದು ಬಂದು ಚಾವಡಿಯ ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು. ನಡುವಿನಲ್ಲಿ ಕೂತದ್ದನ್ನು ನಾನು ನೋಡಿದ್ದಿಲ್ಲ.

ಅವರು ಬಂದಾಗಲೆಲ್ಲ ಹದಿನೈದು ದಿನಗಳ ನನ್ನ ಅಪರಾಧಗಳ ಪಟ್ಟಿಯನ್ನು ಅವರ ಮುಂದೆ ಓದಲಾಗುತ್ತಿತ್ತು. ನಾನು ಹಲಸಿನ ಮರ ಹತ್ತಿದ್ದೆ, ಅದು ನಮ್ಮ ಮನೆಯ ಧೈರ್ಯ. ಕೊಂಬೆಯಿಂದ ಬಿದ್ದೆ, ಅದು ಮರವಂತೆಯ ರಕ್ತ. ಮಗ್ಗಿಯನ್ನು ಹದಿನಾರರವರೆಗೆ ಒಪ್ಪಿಸಿದೆ, ಥೇಟ್ ಮಾವನ ತಲೆ. ಹದಿನೇಳಕ್ಕೆ ತಡವರಿಸಿದೆ, "ಅಲ್ಲಿಂದ ಮುಂದೆ ಅವ್ನ್ ಅಪ್ಪನ್ ಬದಿ ಶುರು ಆತ್ತ್" ಎಂದು ಅಜ್ಜಿ ನಿಟ್ಟುಸಿರು ಬಿಟ್ಟರು. ಒಂದು ಮಗುವಿನಲ್ಲಿ ತಾಯಿಯ ಮನೆ ಎಲ್ಲಿ ಮುಗಿದು ತಂದೆಯ ಮನೆ ಎಲ್ಲಿ ಶುರುವಾಗುತ್ತದೆ ಎಂಬ ಗಡಿಯನ್ನು ಇಷ್ಟು ನಿಖರವಾಗಿ ಗುರುತಿಸಿದವರನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ.

ಈ ಸಿದ್ಧಾಂತವನ್ನು ಒಪ್ಪದವಳು ಊರಲ್ಲಿ ಒಬ್ಬಳೇ ಇದ್ದಳು. ಅವಳು ಹಸುಗೂಸುಗಳಿಗೆ ಎಣ್ಣೆ ತಿಕ್ಕಿ ಮೀಯಿಸಲು ಬರುತ್ತಿದ್ದ ಮುದುಕಿ ಅಕ್ಕು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ತಲೆಯನ್ನು ಉರುಟು ಮಾಡುವುದು, ಮೂಗನ್ನು ಒತ್ತಿ ಎಳೆದು ನೆಟ್ಟಗೆ ಮಾಡುವುದು ಅವಳ ಕೆಲಸ. "ಮೂಗ್ ಅಪ್ಪಂದೂ ಅಲ್ಲ, ಅಬ್ಬೀದೂ ಅಲ್ಲ. ನನ್ ಹೆಬ್ಬೆಟ್ಟಿಂದ್" ಎಂದು ಅವಳು ಹೇಳುತ್ತಿದ್ದಳು. ಸುತ್ತಿನ ಹತ್ತು ಮನೆಗಳ ಮೂಗುಗಳನ್ನು ತೋರಿಸಿ ಅದಕ್ಕೆ ಸಾಕ್ಷಿಯನ್ನೂ ಕೊಡುತ್ತಿದ್ದಳು. ನನ್ನ ಮೂಗು ಚಪ್ಪಟೆಯಾದದ್ದೇಕೆಂದು ಕೇಳಿದರೆ, "ಆ ವಾರ ನಂಗೆ ಜ್ವರ ಮಗಾ" ಎಂದಳು. ಹೊಣೆ ಹೊತ್ತುಕೊಂಡವಳು ಅವಳೊಬ್ಬಳೇ. ಅದಕ್ಕಾಗಿ ಅವಳ ಮೇಲೆ ನನಗೆ ಈಗಲೂ ಗೌರವವಿದೆ.

ಆದರೆ ಅಕ್ಕುವಿನ ಹೆಬ್ಬೆಟ್ಟಿಗೂ ಎಟುಕದ ಒಂದು ದೋಷ ನನ್ನಲ್ಲಿತ್ತು. ನಾನು ಎಡಚ. ಚೆಂಡು ಎಸೆಯುವುದು, ಬಳಪ ಹಿಡಿಯುವುದು, ಬಾಗಿಲು ತೆರೆಯುವುದು ಎಲ್ಲ ಎಡಗೈಯಲ್ಲೇ. ಅಷ್ಟಾದರೆ ಹೇಗೋ ನಡೆದೀತು. ಉಣ್ಣುವುದೂ ಎಡಗೈಯಲ್ಲಿ! ಯಜಮಾನರ ಮನೆಯ ಪಂಕ್ತಿಯಲ್ಲಿ ಕೂತು ಅಳಿಯನೊಬ್ಬ ಎಡಗೈಯನ್ನು ಅನ್ನಕ್ಕೆ ಹಾಕುವುದೆಂದರೆ ಏನರ್ಥ? ಮಾವಯ್ಯನ ಪ್ರಕಾರ ಅದಕ್ಕೆ ಒಂದೇ ಅರ್ಥ, ಮತ್ತು ಅದು ಮರವಂತೆಯಲ್ಲಿತ್ತು.

ಮಾವಯ್ಯ ದೊಡ್ಡ ಮೀಸೆಯ, ದೊಡ್ಡ ದನಿಯ ಮನುಷ್ಯ. ಸಿಟ್ಟು ಬಂದರೆ ಎದ್ದು ನಿಂತು ಎಡ ಸೊಂಟಕ್ಕೆ ಕೈ ಕೊಟ್ಟು ಹುಬ್ಬು ಗಂಟಿಕ್ಕುತ್ತಿದ್ದರು. ಅಷ್ಟಕ್ಕೇ ಹಟ್ಟಿಯ ಎತ್ತೂ ಮೇವು ನಿಲ್ಲಿಸುತ್ತಿತ್ತು. ಅವರು ವಿಷಯವನ್ನು ಭೂಗೋಳದಿಂದಲೇ ವಿವರಿಸುತ್ತಿದ್ದರು. "ಆ ಊರೇ ಹಾಂಗೆ. ಒಂದ್ ಬದಿ ಕಡ್ಲ್, ಮತ್ತೊಂದ್ ಬದಿ ಹೊಳಿ. ನಡೂಗ್ ಹುಟ್ಟಿದವಂಗೆ ಎಡ ಯಾವ್ದ್ ಬಲ ಯಾವ್ದ್ ಅಂದೇಳಿ ಗೊತ್ತಾಪುದ್ ಹ್ಯಾಂಗೆ?"

ಅಪ್ಪಯ್ಯ ಬಲಗೈಯಲ್ಲೇ ಉಣ್ಣುತ್ತಿದ್ದರು. ಅದನ್ನು ಎಲ್ಲರೂ ನೋಡುತ್ತಿದ್ದರು, ಯಾರೂ ಗಮನಿಸುತ್ತಿರಲಿಲ್ಲ.

ನನ್ನನ್ನು ತಿದ್ದುವ ಕೆಲಸ ಮಾವಯ್ಯನೇ ಕೈಗೆತ್ತಿಕೊಂಡರು. ಊಟಕ್ಕೆ ಕೂರುವ ಮುಂಚೆ ನನ್ನ ಎಡಗೈಯನ್ನು ಬೆನ್ನ ಹಿಂದೆ ಮಡಚಿ ಹೆಗಲ ಮೇಲಿನ ಬೈರಾಸಿನಿಂದ ಸೊಂಟಕ್ಕೆ ಬಿಗಿಯಾಗಿ ಕಟ್ಟುವುದು. ಬಲಗೈಯ ಬೆರಳುಗಳಿಗೆ ಅನ್ನ ಎಂದರೇನೆಂದೇ ಗೊತ್ತಿರಲಿಲ್ಲ. ಎಲೆಯಿಂದ ಎತ್ತಿದ ತುತ್ತಿನಲ್ಲಿ ಕಾಲು ಭಾಗ ಬಾಯಿಗೆ, ಕಾಲು ಭಾಗ ಅಂಗಿಗೆ, ಉಳಿದದ್ದು ಬೆಕ್ಕಿಗೆ. ಅಕ್ಕಿಗೆ ತತ್ವಾರದ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಮೈ ತುಂಬಿಕೊಂಡಿದ್ದ ಜೀವ ಅದೊಂದೇ. ನಾನು ಅಳುತ್ತಿದ್ದೆ. ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಣ್ಣನ ಎದುರು ಮಾತಾಡುವ ಅಭ್ಯಾಸ ಅವಳಿಗಿರಲಿಲ್ಲ. ಅಪ್ಪಯ್ಯ ಬಂದ ಶನಿವಾರಗಳಲ್ಲಿ ಮಾತ್ರ ಕಟ್ಟು ಇನ್ನೂ ಬಿಗಿಯಾಗುತ್ತಿತ್ತು, ಅವರಿಗೂ ಪಾಠವಾಗಲಿ ಎಂದು. ಆಗೆಲ್ಲ ಅಪ್ಪಯ್ಯ ತಲೆ ಬಗ್ಗಿಸಿ ಬೇಗ ಬೇಗ ಉಂಡು ಏಳುತ್ತಿದ್ದರು.

ಆ ವರ್ಷದ ಹೊಸ್ತಿನ ದಿನ ನನ್ನ ಮಹಾಪರಾಧ ನಡೆಯಿತು. ಹೊಸ್ತು ಎಂದರೆ ಹೊಸ ಅಕ್ಕಿಯ ಊಟ. ಹೊಸ ತೆನೆಯನ್ನು ಮನೆಯ ಕಂಬಕ್ಕೆ, ಬಾಗಿಲಿಗೆಲ್ಲ ಕಟ್ಟಿ, ಹೊಸ ಅಕ್ಕಿಯ ಅನ್ನ ಬಡಿಸಿದ ಮೇಲೆ ಕಿರಿಯರು ಹಿರಿಯರನ್ನೆಲ್ಲ ಒಬ್ಬೊಬ್ಬರಾಗಿ ಕೇಳಬೇಕು, "ಹೊಸ್ತ್ ಉಂತೆ" ಎಂದು. ಅವರು "ಉಣ್ಣ್ ಮಗಾ" ಎಂದ ಮೇಲೆಯೇ ಮೊದಲ ತುತ್ತು. ನೆಂಟರು ತುಂಬಿದ್ದರಿಂದ ಆ ದಿನ ನನ್ನ ಕೈ ಕಟ್ಟಿರಲಿಲ್ಲ. ಅಪ್ಪಯ್ಯನೂ ಬಂದಿದ್ದರು. ನಾನು ಎಲ್ಲರನ್ನೂ ಕೇಳಿದೆ. ಎಲ್ಲರೂ ಉಣ್ಣೆಂದರು. ಎಲ್ಲರಿಗಿಂತ ಕೊನೆಗೆ ಬೆಂಚಿನ ತುದಿಯಿಂದ ಎದ್ದು ಬಂದು ಪಂಕ್ತಿಯ ತುದಿಯಲ್ಲಿ ಕೂತಿದ್ದ ಅಪ್ಪಯ್ಯನನ್ನು ಕೇಳಿದೆ. ಅವರು ನಕ್ಕು "ಉಣ್ಣ್" ಎಂದರು. ಆ ಖುಷಿಯಲ್ಲಿ ನಾನು ಎಡಗೈಯಿಂದ ತುತ್ತೆತ್ತಿ ಬಾಯಿಗಿಟ್ಟೆ.

ವರ್ಷದ ಮೊದಲ ಅನ್ನ, ಎಡಗೈ! ಮಾವಯ್ಯ ತಮ್ಮ ಕೈಯ ತುತ್ತನ್ನು ಎಲೆಗೆ ಹಾಕಿ ಎದ್ದು ನಿಂತರು. ನನ್ನನ್ನು ನೋಡಲಿಲ್ಲ. ಅಪ್ಪಯ್ಯನನ್ನು ನೋಡಿ ಹೇಳಿದರು: "ಭಾವಯ್ಯ, ಆರ್ ತಿಂಗ್ಳ್ ನಾನ್ ಕಟ್ಟಿ ಕಟ್ಟಿ ಕಲ್ಸಿದ್ದ್ ನೀವ್ ಒಂದ್ ಸಲ ಬಂದ್ ಕೂಕಂಡ್ರೆ ಹಾಳಾತ್ತ್. ಎಂತ ಮಾಡುದ್? ನಿಮ್ ನೆತ್ರ್. ನೀವ್ ಬಪ್ಪುದೇ ಅವಂಗೆ ಒಳ್ಳೇದಲ್ಲ ಕಾಣಿ."

ಅಪ್ಪಯ್ಯ ಏನಾದರೂ ಹೇಳುತ್ತಾರೆಂದು ನಾನು ಕಾದೆ. ಅವರು, "ಹೌದ್, ಭಾವಯ್ಯ" ಎಂದರು. ಅಷ್ಟೆ. ಎಲೆಯಲ್ಲಿದ್ದುದನ್ನು ಉಂಡು, ಕೈ ತೊಳೆದು, ಅಮ್ಮನ ಹತ್ತಿರ ಏನೋ ಹೇಳಿ, ಸೋಮವಾರದವರೆಗೆ ನಿಲ್ಲದೆ ಆ ದಿನವೇ ಹೊರಟುಹೋದರು.

ಮುಂದಿನ ಸರದಿಯ ಶನಿವಾರ ಅವರು ಬರಲಿಲ್ಲ. ಅದರ ಮುಂದಿನ ಸರದಿಗೂ ಇಲ್ಲ. ಅಮ್ಮ ಮಾತ್ರ ಪ್ರತಿ ಶನಿವಾರ ಒಂದು ಬಾಳೆಲೆ ಹೆಚ್ಚೇ ಕೊಯ್ಯುತ್ತಿದ್ದಳು. ಮಧ್ಯಾಹ್ನ ಕಳೆದ ಮೇಲೆ ಅದನ್ನು ದನಕ್ಕೆ ಹಾಕುತ್ತಿದ್ದಳು. ನನಗೆ ಎಲ್ಲ ಗೊತ್ತಿತ್ತು. ನನ್ನ ಎಡಗೈ ನನ್ನ ಅಪ್ಪಯ್ಯನನ್ನು ಓಡಿಸಿತ್ತು. ಎಂಟು ವರ್ಷದವನ ತಲೆಗೆ ಇದಕ್ಕೊಂದೇ ಪರಿಹಾರ ಹೊಳೆಯಿತು: ಆ ಕೈ ಇಲ್ಲದಂತಾದರೆ ಅವರು ಬರುತ್ತಾರೆ.

ಒಂದು ದಿನ ಊಟದ ಹೊತ್ತಿಗೆ ನಾನೇ ಬೈರಾಸು ಹಿಡಿದುಕೊಂಡು ಅಮ್ಮನ ಹತ್ತಿರ ಹೋಗಿ, "ಕಟ್ಟ್" ಎಂದೆ. ಅವಳು ಕಟ್ಟಲಿಲ್ಲ. ಬೈರಾಸನ್ನು ಕಿತ್ತುಕೊಂಡು ಒಳಗೆ ಹೋದಳು. ನಾನು ಎಡಗೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಉಂಡೆ. ಮರುದಿನವೂ ಹಾಗೇ. ಕೈ ಮರಗಟ್ಟುತ್ತಿತ್ತು, ಇರುವೆ ಹರಿದಾಡಿದಂತಾಗುತ್ತಿತ್ತು, ಆದರೂ ಬಿಡಲಿಲ್ಲ. ತಿಂಗಳಾಗುವಷ್ಟರಲ್ಲಿ ನಾನು ಬಲಗೈಯಲ್ಲಿ ಉಣ್ಣುವವನಾದೆ. ಬೆಕ್ಕು ಬಡವಾಯಿತು.

ಮಾವಯ್ಯನ ಸಂತೋಷ ಹೇಳತೀರದು. ಈಗ ಅವರ ಸಿದ್ಧಾಂತವೇ ಬದಲಾಯಿತು. ರಕ್ತದಲ್ಲಿ ಏನೂ ಇಲ್ಲ, ಎಲ್ಲ ಇರುವುದು ಬೆಳೆಸುವುದರಲ್ಲಿ ಎಂದು ಬಂದವರಿಗೆಲ್ಲ ಹೇಳತೊಡಗಿದರು. ಅಷ್ಟಕ್ಕೇ ತೃಪ್ತಿಯಾಗದೆ, ತಮ್ಮ ಸಾಧನೆಯನ್ನು ತೋರಿಸಲು ನನ್ನನ್ನು ಕಿರಿಮಂಜೇಶ್ವರಕ್ಕೆ ಕರೆದುಕೊಂಡು ಹೊರಟರು. ಅಲ್ಲಿ ಅವರ ಹೆಂಡತಿಯ ಮನೆ. ನನ್ನ ಅತ್ತೆ ಅಲ್ಲಿ ಅವಳ ಅಣ್ಣನ ಯಜಮಾನಿಕೆಯಲ್ಲಿದ್ದಳು. ಮಾವಯ್ಯನ ಸ್ವಂತ ಮಗ ಶೀನ ಅಲ್ಲೇ ಬೆಳೆಯುತ್ತಿದ್ದ. ಅವನಿಗೆ ಹನ್ನೆರಡು ವರ್ಷ. ನಮ್ಮ ಪದ್ಧತಿಯ ಚಂದ ನೋಡಿ: ನನ್ನನ್ನು ಬೆಳೆಸಲು ಮಾವಯ್ಯನಿಗೆ ಪೂರ್ತಿ ಅಧಿಕಾರವಿತ್ತು. ಸ್ವಂತ ಮಗನನ್ನು ನೋಡಿ ಬರಲು ಮಾತ್ರ ಪರವಾನಗಿ ಇತ್ತು.

ಗಂಗೊಳ್ಳಿಯಿಂದ ಗಾಡಿ ಮಾಡಿಕೊಂಡು ಹೋದೆವು. ಮರವಂತೆ ಬಂದಾಗ ಮಾವಯ್ಯ ಊರು ಮುಗಿಯುವವರೆಗೆ ಕಡಲ ಕಡೆಗೇ ಮುಖ ಮಾಡಿ ಕೂತರು. ಅಪ್ಪಯ್ಯನ ಮನೆ ಹೊಳೆಯ ಬದಿಗಿತ್ತು.

ಕಿರಿಮಂಜೇಶ್ವರದ ಮನೆಯ ಅಂಗಳಕ್ಕೆ ಕಾಲಿಟ್ಟದ್ದೇ ನನಗೊಂದು ಆಶ್ಚರ್ಯ ಕಾದಿತ್ತು. ನಮ್ಮ ಮಾವಯ್ಯ ಕುಗ್ಗಿಬಿಟ್ಟರು! ದನಿ ಸಣ್ಣಗಾಯಿತು. ಹಲಸಿನ ಹಪ್ಪಳದ ಕಟ್ಟನ್ನು ಕೈಯಲ್ಲಿ ಹಿಡಿದು, ಚಾವಡಿಯ ಬೆಂಚಿನ ತುದಿಯಲ್ಲಿ ಕೂತರು. ನಡುವಿನಲ್ಲಿ ಅತ್ತೆಯ ಅಣ್ಣ ಕೂತಿದ್ದರು.

ಮಧ್ಯಾಹ್ನ ಪಂಕ್ತಿ ಕೂತಿತು. ಎರಡು ತುತ್ತು ಹೊಟ್ಟೆಗೆ ಹೋದ ಮೇಲೆ ಮಾವಯ್ಯನಿಗೆ ಸ್ವಲ್ಪ ಜೀವ ಬಂತು. "ಇವ ಹುಟ್ಟಾ ಎಡಚ, ಭಾವಯ್ಯ. ಈಗ ಹ್ಯಾಂಗ್ ಉಂತ ಕಾಣಿ. ನೆತ್ರಂಗ್ ಎಂತ ಇಲ್ಲೆ. ಎಲ್ಲ ಬೆಳ್ಸುದ್ರಂಗೇ ಇತ್ತ್." ನಾನು ಎಡಗೈ ತೊಡೆಯಡಿಗೆ ಒತ್ತಿಕೊಂಡು, ಪ್ರದರ್ಶನಕ್ಕಿಟ್ಟ ಹೋರಿಗರುವಿನಂತೆ ಬಲಗೈಯಲ್ಲಿ ಉಂಡು ತೋರಿಸಿದೆ.

ಆಗ ಶೀನ, ನನ್ನ ಎಲೆಗೆ ಬಿದ್ದ ಮೀನಿನ ತುಂಡು ತನ್ನದಕ್ಕಿಂತ ದೊಡ್ಡದೆಂದು ಕಂಡುಹಿಡಿದ. ಎಲೆಯನ್ನು ಮುಂದಕ್ಕೆ ದೂಡಿ ಎದ್ದು ನಿಂತ. ಎಡ ಸೊಂಟಕ್ಕೆ ಕೈ ಕೊಟ್ಟ. ಹುಬ್ಬು ಗಂಟಿಕ್ಕಿದ. "ಈ ಮನೇಲಿ ನಂಗ್ ಬಡ್ಸುದ್ ಹೀಂಗಾ?" ಎಂದು ಅರಚಿದ. ನನ್ನ ಬಾಯಿಯ ತುತ್ತು ಬಾಯಲ್ಲೇ ಉಳಿಯಿತು. ಮೀಸೆಯೊಂದು ಬಿಟ್ಟರೆ ನಮ್ಮ ಮಾವಯ್ಯನೇ ಎದುರು ನಿಂತಿದ್ದರು. ಆದರೆ ಆ ಹುಡುಗ ಅವರ ಜೊತೆ ವರ್ಷಕ್ಕೆ ಹತ್ತು ದಿನವೂ ಇದ್ದವನಲ್ಲ.

ಅತ್ತೆಯ ಅಣ್ಣ ಸಾವಕಾಶವಾಗಿ ಸಾರು ಕಲಸಿಕೊಂಡು ಹೇಳಿದರು: "ಬೆಳ್ಸುದ್ರಂಗ್ ಎಂತ ಇತ್ತ್, ಭಾವಯ್ಯ? ನಾವ್ ಬೆಳ್ಸಿದ್ದ್ ಕಮ್ಮಿಯಾ? ಎಂತ ಮಾಡುದ್? ನಿಮ್ ನೆತ್ರ್. ಗುಡ್ಡಿ ಬುಡದವ್ರ್ ನೀವ್. ದಿನಾ ಗುಡ್ಡಿ ಹತ್ತಿ ಇಳ್ದ್ ಇಳ್ದ್ ನೆತ್ರ್ ಯಾವತ್ತೂ ಬಿಸಿ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಲ್ಲಿ ಭೂಗೋಳ ತಿಳಿದವರಿಗೆ ಬರವಿರಲಿಲ್ಲ. ಅತ್ತೆ ಬಾಗಿಲ ಮರೆಗೆ ಸರಿದಳು. ಮಾವಯ್ಯ ಎಲೆಯಿಂದ ತಲೆಯೆತ್ತದೆ, "ಹೌದ್, ಭಾವಯ್ಯ" ಎಂದರು.

ಮರುದಿನ ಹಿಂತಿರುಗುವಾಗ ಗಾಡಿಯಲ್ಲಿ ಅವರು ಬಹಳ ದೂರ ಮೀಸೆ ತಿರುವುತ್ತಲೇ ಇದ್ದರು. ಆಮೇಲೆ ಒಮ್ಮೆಗೇ ಕೇಳಿದರು: "ಮಗಾ, ನಿನ್ನೆ ಶೀನ ಎದ್ದ್ ನಿಂತದ್ದ್ ನನ್ ಹಾಂಗೇ ಇತ್ತಾ?"

ಹೊಡೆತ ಬಿದ್ದರೆ ಬೀಳಲಿ ಎಂದು ನಾನು ನಿಜವನ್ನೇ ಹೇಳಿದೆ. "ಹೌದ್ ಮಾವಯ್ಯ. ಸಮ ನಿಮ್ ಹಾಂಗೇ."

ಹೊಡೆತ ಬೀಳಲಿಲ್ಲ. ಮಾವಯ್ಯ ಬಾಯಿ ಒರೆಸಿಕೊಳ್ಳುವ ನೆಪದಲ್ಲಿ ಬೈರಾಸನ್ನು ಮುಖಕ್ಕೆ ಹಿಡಿದರು. ಅದರ ಹಿಂದೆ ಮೀಸೆ ನಗುತ್ತಿದ್ದುದು ನನಗೆ ಕಂಡಿತು. ಹತ್ತು ಜನರ ಎದುರು ಮಾನ ಹೋದ ಮನುಷ್ಯನಿಗೆ ಯಾಕಿಷ್ಟು ಖುಷಿ ಎಂದು ಆಗ ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಆ ನಗು ತಾನಾಗಿಯೇ ಹೋಯಿತು. ಮರವಂತೆ ಬಂದಾಗ ಅವರು ಹೊಳೆಯ ಬದಿಗೆ ತಿರುಗಿ, "ಹ್ವಾಯ್, ಇಲ್ಲ್ ಒಂಚೂರ್ ನಿಲ್ಸ್" ಎಂದು ಗಾಡಿಯವನಿಗೆ ಹೇಳಿದರು.

ಅಪ್ಪಯ್ಯ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ನಮ್ಮನ್ನು ಕಂಡು ಗಾಬರಿಯಾಗಿ ಎದ್ದು, "ಬನಿ ಭಾವಯ್ಯ, ಮನೇಲಿ ಎಲ್ಲ ಹುಷಾರಿದ್ರಾ?" ಎಂದರು. ಹುಷಾರಿದ್ದಾರೆಂದು ತಿಳಿದ ಮೇಲೆ ಕಾಲಿಗೆ ನೀರು ಕೊಟ್ಟರು. ಮನೆಯವರೆಲ್ಲ ಗದ್ದೆಗೆ ಹೋಗಿದ್ದರಿಂದ ತಾವೇ ಗಂಜಿ ಬಡಿಸಿ, ಒಣಸೀಗಡಿಯ ಚಟ್ನಿಯನ್ನು ಸಣ್ಣ ತಟ್ಟೆಗಳಲ್ಲಿ ಹಾಕಿ ನಮ್ಮ ಬಟ್ಟಲುಗಳ ಬಲಕ್ಕಿಟ್ಟರು. ನಾನು ಅವರಿಗೆ ಕಾಣುವ ಹಾಗೆ ಬಲಗೈಯಲ್ಲಿ ಉಣ್ಣತೊಡಗಿದೆ. ಇಷ್ಟು ದಿನ ಒತ್ತಿ ಹಿಡಿದದ್ದೆಲ್ಲ ಇದೊಂದು ಗಳಿಗೆಗಾಗಿ.

ಅವರು ನೋಡಿದರು. ಅವರ ಮುಖದಲ್ಲಿ ನಾನು ಕಾದಿದ್ದ ಸಂತೋಷ ಬರಲಿಲ್ಲ.

"ಕೈ ಎಂತಾಯ್ತ್ ಅವಂದ್?" ಎಂದರು.

"ಸರಿ ಆಯ್ತ್" ಎಂದರು ಮಾವಯ್ಯ. ಮೊದಲಿನ ಜಂಬ ಆ ಮಾತಿನಲ್ಲಿ ಇರಲಿಲ್ಲ. ಗಂಜಿ ಕಲಕುತ್ತ ಕಲಕುತ್ತ ಕೇಳಿದರು: "ಭಾವಯ್ಯ, ನಿಜ ಹೇಳಿ. ನಿಮ್ ಬದಿಯಂಗೆ ಯಾರಾರೂ ಎಡಚರ್ ಇದ್ರಾ?"

"ಯಾರೂ ಇಲ್ಲೆ."

"ಮತ್ತೆ ಆವತ್ತ್ ಅಷ್ಟ್ ಜನದ್ ಎದ್ರಿಗೆ ಹೌದ್ ಅಂದ್ರಿ?"

ಅಪ್ಪಯ್ಯ ಗಂಜಿಯ ಪಾತ್ರೆಗೆ ಮುಚ್ಚಳ ಮುಚ್ಚಿದರು. ಆಮೇಲೆ, ಯಾರಲ್ಲೋ ಕ್ಷಮೆ ಕೇಳುವವರ ದನಿಯಲ್ಲಿ ಹೇಳಿದರು: "ಇವನ್ ಬಳಿ ನಿಮ್ದ್. ಮನಿ ನಿಮ್ದ್. ಹೆಸ್ರ್ ನಿಮ್ದ್. ಬುದ್ಧಿಯೂ ನಿಮ್ದೇ ಅಂಬ್ರ್, ಇರ್ಲಿ. ಇವನ್ ಮೈಯಂಗೆ ನಂದ್ ಅಂಬುದ್ ಒಂದ್ ಕೈಯಾರೂ ಇತ್ತಲ್ದಾ ಅಂದೇಳಿ ನಂಗೆ ಖುಷಿ ಆಯಿತ್ತ್, ಭಾವಯ್ಯ. ಅದನ್ನ್ ಅಲ್ಲ ಅಂದ್ ಹ್ಯಾಂಗ್ ಹೇಳುದ್?"

ಹೊರಗೆ ಗಾಡಿಯ ಎತ್ತಿನ ಗಂಟೆ ಅಲುಗುತ್ತಿತ್ತು. ಅಪ್ಪಯ್ಯ ಮತ್ತೆ ಹೇಳಿದರು: "ಅದನ್ನ್ ನೀವ್ ಕಟ್ಟುದ್ ನಂಗೆ ಕಾಂಬುಕ್ ಆಯ್ಲಿಲ್ಲೆ. ಅದ್ಕೇ ಬರ್ಲಿಲ್ಲೆ."

ಮಾವಯ್ಯ ತಮ್ಮ ಬಟ್ಟಲನ್ನೇ ನೋಡುತ್ತ ಕೂತರು. ನನಗೆ ಅಳು ಬಂತು, ಯಾಕೆಂದು ಹೇಳುವಷ್ಟು ವಯಸ್ಸು ನನಗಿರಲಿಲ್ಲ. ಮರಗಟ್ಟಿದ್ದ ಕೈಯನ್ನು ತೊಡೆಯಡಿಯಿಂದ ಮೆಲ್ಲಗೆ ಈಚೆ ತೆಗೆದೆ. ಯಾರೂ ಬೇಡ ಎನ್ನಲಿಲ್ಲ. ಅಪ್ಪಯ್ಯ ಎದ್ದು ಬಂದು, ನನ್ನ ಚಟ್ನಿಯ ತಟ್ಟೆಯನ್ನು ಬಟ್ಟಲಿನ ಎಡಬದಿಗೆ ಇಟ್ಟರು.